ರೇಷ್ಮೆ ಸೀರೆಯ ಪೇಷೆಂಟುಗಳು

ಒಂದು ಕೋರ್ಸಿಗೆ ಮಾನ್ಯತೆ ಸಿಗುವುದೆಂದರೆ ಏನು ಎಂದು ನಾನು ಕೇಳಿ ತಿಳಿದುಕೊಂಡದ್ದು ಕಳಂಬೋಲಿಗೆ ಮನೆ ಬದಲಾಯಿಸಿದ ಮೇಲೆ. ಡೊಂಬಿವಲಿಯಲ್ಲಿದ್ದಷ್ಟು ಕಾಲ ತಪಾಸಣೆ ಎಂದರೆ ನನ್ನ ಪಾಲಿಗೆ ಲೋಕಲ್ ಗಾಡಿಯ ಟಿಕೆಟ್ ತಪಾಸಣೆ ಅಷ್ಟೇ.

ನಾವು ಉಡುಪಿ ಕಡೆಯವರು. ಸೊಸೆಯ ತವರು ವಿಠ್ಠಲವಾಡಿ, ಅವಳ ಹಿರಿಯರ ಊರು ಗದಗದ ಹತ್ತಿರ. ನಾನೂ ಮಗನೂ ತುಳು ಮಾತಾಡುತ್ತೇವೆ, ಸೊಸೆಯೊಡನೆ ಕನ್ನಡ. ಅದರಲ್ಲೂ ನನ್ನದು ಒಂದು ಬಗೆ, ಅವಳದು ಇನ್ನೊಂದು. ಸಿಟ್ಟಿನಲ್ಲಿ ಆಡಿದ ಮಾತು ಅರ್ಧಕ್ಕರ್ಧ ಒಬ್ಬರಿಗೊಬ್ಬರು ಅರ್ಥವಾಗುವುದಿಲ್ಲ. ಇದನ್ನೂ ನಾನು ದೇವರ ದಯೆ ಎಂದೇ ಎಣಿಸುತ್ತೇನೆ.

ಸೊಸೆ ಫಿಸಿಯೋಥೆರಪಿ ಕಲಿಸುವವಳು. ಕಬ್ಬಿಣದ ಮಾರ್ಕೆಟ್ಟಿನ ಆಚೆಗಿರುವ ಕಾಲೇಜೊಂದರಲ್ಲಿ ಆ ಕೋರ್ಸನ್ನು ಹೊಸದಾಗಿ ತೆರೆದಾಗ ಅದನ್ನು ಕಟ್ಟಿ ನಿಲ್ಲಿಸುವ ಕೆಲಸ ಅವಳ ತಲೆಗೆ ಬಂತು. ಶುರುವಿನಲ್ಲಿ ಸಿಕ್ಕಿದ್ದು ತಾತ್ಕಾಲಿಕ ಅನುಮತಿ. ಮೊದಲ ಬ್ಯಾಚಿನ ಮಕ್ಕಳು ಕೊನೆಯ ವರ್ಷಕ್ಕೆ ಬಂದಾಗ ಕಾಯಂ ಮಾನ್ಯತೆಗೆ ತಪಾಸಣೆ ಆಗಬೇಕಿತ್ತು.

"ಆಗದಿದ್ರೆ ಎಂತ ಆಗ್ತದೆ?" ಎಂದು ಒಂದು ಸಂಜೆ ಕೊತ್ತಂಬರಿ ಸೋಸುತ್ತಾ ಕೇಳಿದೆ.

"ಕಲ್ತದ್ದು ಕಲ್ತಂಗ ಉಳೀತದ ಅತ್ತಿ. ಆದ್ರ ಆ ಹುಡುಗ್ರ ಕೈಯಾಗಿನ ಡಿಗ್ರಿಗೆ ಯಾರೂ ಕಿಮ್ಮತ್ತು ಕೊಡೂದಿಲ್ಲ."

"ಹಾಗಾದ್ರೆ ಇದು ಪ್ರಾಣಪ್ರತಿಷ್ಠೆ ಇದ್ದ ಹಾಗೆ. ಅದಾಗುವವರೆಗೆ ಮೂರ್ತಿ ಎಷ್ಟು ಚಂದ ಇದ್ರೂ ಬರೀ ಕಲ್ಲು."

ಅವಳು ನಕ್ಕಳು. "ಹಂಗs ತಿಳಕೋರಿ. ಆದ್ರ ಇಲ್ಲಿ ಭಟ್ಟರು ಅಳತಿ ಟೇಪ್ ಹಿಡಕೊಂಡು ಬರ್ತಾರ."

ಆಮೇಲೆ ನನಗೆ ಕುತೂಹಲ ತಡೆಯಲಿಲ್ಲ. ದಿನಾ ಒಂದೊಂದು ಕೇಳುತ್ತಿದ್ದೆ. ಬಂದವರು ಏನೇನು ನೋಡುತ್ತಾರೆ? ಕೋಣೆ ಎಷ್ಟು ಅಗಲ, ಮಾಸ್ತರರು ಎಷ್ಟು ಓದಿದವರು, ಅಸ್ಥಿಪಂಜರಕ್ಕೆ ಎಲುಬು ಪೂರಾ ಇವೆಯೇ, ಯಂತ್ರ ನಡೆಯುತ್ತದೆಯೇ ಎಂದೆಲ್ಲ ನೋಡುತ್ತಾರಂತೆ. ಎಲ್ಲಕ್ಕಿಂತ ಮುಖ್ಯ ಪೇಷೆಂಟುಗಳು. ನೋವಿರುವವರು ಬರದಿದ್ದರೆ ಮಕ್ಕಳು ಯಾರ ಕೈಕಾಲು ಹಿಡಿದು ಕಲಿಯಬೇಕು?

ತೊಂದರೆ ಇದ್ದದ್ದು ಅಲ್ಲಿಯೇ. ಚಿಕಿತ್ಸೆ ಅಗ್ಗವಾಗಿದ್ದರೂ ಜನ ಒಮ್ಮೆ ಬಂದು ಮತ್ತೆ ಬರುತ್ತಿರಲಿಲ್ಲ. ಕಾಲೇಜಿನ ಆಡಳಿತದವರೊಬ್ಬರು ಸುಲಭದ ದಾರಿ ಹೇಳಿದರು: ಆ ದಿನ ಮಾರ್ಕೆಟ್ಟಿನಿಂದ ಒಂದು ಟೆಂಪೊ ತುಂಬಾ ಹಮಾಲರನ್ನು ಕರೆತಂದು, ಊಟ ಹಾಕಿಸಿ, ಮಂಚಗಳ ಮೇಲೆ ಮಲಗಿಸಿಬಿಡೋಣ. ಸೊಸೆ ಒಪ್ಪಲಿಲ್ಲ. "ಖರೇ ಬೆನ್ನು ನೋಯ್ತಿದ್ರ ದಿನಾ ಬರಲಿ. ಊಟಕ್ಕ ಬಂದು ಮಲಗೋರು ನನಗ ಬ್ಯಾಡ" ಅಂದಳಂತೆ. ಮನೆಗೆ ಬಂದವಳು ಅನ್ನ ಕಲಸುತ್ತಾ ನನ್ನನ್ನು ಕೇಳಿದಳು:

"ಅತ್ತಿ, ನಿಮ್ಮ ಭಜನಾ ಮಂಡಳಿಯವ್ರಿಗೆ ಎಲ್ಲಾರಿಗೂ ಮೊಣಕಾಲು ನೋವು. ಒಮ್ಮೆ ಬಂದು ಹೋದ್ರು. ಮತ್ತ ಯಾಕ ಬರಲಿಲ್ಲ?"

ಉತ್ತರ ನನಗೆ ಗೊತ್ತಿತ್ತು, ಏಕೆಂದರೆ ನಾನೂ ಹೋಗುವುದನ್ನು ಬಿಟ್ಟಿದ್ದೆ. "ನಿನ್ನ ಕಾಲೇಜಿನ ಮಕ್ಕಳು ಮೊದಲು ಹೇಳುವುದೇ ನೆಲದಲ್ಲಿ ಕೂರಬೇಡಿ ಅಂತ. ದೇವರ ಎದುರು ಕುರ್ಚಿ ಹಾಕಿ ಕಾಲು ಇಳಿಬಿಟ್ಟು ಕೂತು ಭಜನೆ ಮಾಡ್ಲಿಕ್ಕೆ ಆಗ್ತದಾ? ನೋವು ಇದ್ರೂ ಸೈ ಅಂತ ನೆಲದಲ್ಲೇ ಕೂರ್ತಾರೆ. ಮತ್ತೆ ನಿನ್ನ ಹತ್ತಿರ ಬಂದು ಬೈಸಿಕೊಳ್ಳುವುದು ಯಾಕೆ?"

ನನ್ನದೂ ಅದೇ ಕಥೆಯಾಗಿತ್ತು. ಬಲಮಂಡಿ ಹಿಡಿದ ಮೇಲೆ ದೇವರಿಗೆ ನಿಂತೇ ಕೈಮುಗಿಯುತ್ತಿದ್ದೆ. ಹಣೆ ನೆಲಕ್ಕೆ ತಾಗದ ನಮಸ್ಕಾರ, ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದ ಹಾಗೆ.

ಸೊಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಹಂಗಾರ ಕೂಡೂದನ್ನs ಕಲಸಬೇಕು" ಅಂದಳು.

ಮರುವಾರದಿಂದ ಅವಳ ವಿದ್ಯಾರ್ಥಿನಿಯರು ನಮ್ಮ ಮಂಡಳಿಗೇ ಬಂದರು. ಯಾರು ಕೂರಬಹುದು, ಯಾರಿಗೆ ಬೇಡವೇ ಬೇಡ ಎಂದು ಒಬ್ಬೊಬ್ಬರ ಕಾಲು ಹಿಡಿದು ನೋಡಿದರು. ತೊಡೆಗೆ ಬಲ ಬರುವ ವ್ಯಾಯಾಮ ಮೊದಲು, ಕೂರುವುದು ಆಮೇಲೆ. ನನಗೆ ಕಲಿಸಿದ್ದು ಹೀಗೆ: ಪಕ್ಕದಲ್ಲಿ ಅಲ್ಲಾಡದ ಸ್ಟೂಲು, ಕೆಳಗೆ ಮಡಚಿದ ಕಂಬಳಿ. ಗಟ್ಟಿ ಇರುವ ಎಡಗಾಲು ಮುಂದೆ, ನೋವಿನ ಬಲಗಾಲು ಹಿಂದೆ. ಭಾರವನ್ನೆಲ್ಲ ಎಡಗಾಲಿಗೂ ಸ್ಟೂಲಿಗೂ ಕೊಟ್ಟು, ಬಲಮಂಡಿಯನ್ನು ಮೆಲ್ಲಗೆ ಕಂಬಳಿಗೆ ಇಳಿಸಬೇಕು. ಏಳುವಾಗಲೂ ಎಡಗಾಲೇ ಮುಂದೆ. ಇಷ್ಟು ವರ್ಷ ನಾನು ಧೊಪ್ಪೆಂದು ಕೂತು, ಸಿಕ್ಕಿದ್ದನ್ನು ಹಿಡಿದು, ದೇವರ ಹೆಸರು ಹೇಳಿ ಏಳುತ್ತಿದ್ದೆ. ದೇವರಿಗೂ ನನ್ನನ್ನು ಎಬ್ಬಿಸಿ ಸಾಕಾಗಿರಬೇಕು.

ಮಂಡಳಿಯವರು ವಾರಕ್ಕೊಮ್ಮೆ ಕಾಲೇಜಿಗೂ ಹೋಗತೊಡಗಿದರು. ತಪಾಸಣೆಯ ಮುನ್ನಾದಿನ ಸೊಸೆ ಎಲ್ಲರಿಗೂ ಹೇಳಿದಳು: "ನಾಳೆನೂ ವಾರ ವಾರ ಬಂದಂಗ ಬರ್ರಿ. ಕೇಳಿದ್ದಕ್ಕ ಖರೇನ ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ಬೆಳಿಗ್ಗೆ ನಾನು ಹತ್ತಿ ಸೀರೆ ಉಟ್ಟು ಹೊರಟಿದ್ದೆ. ಮಂಡಳಿಗೆ ಬರುವ ಮೇಲಿನ ಮಹಡಿಯಾಕೆ, ನಮ್ಮ ಕಡೆಯವಳೇ, ಮೆಟ್ಟಿಲಲ್ಲೇ ತಡೆದಳು.

"ಇದೆಂತ ಅಕ್ಕ, ಸಂತೆಗೆ ಹೊರಟ ಹಾಗೆ! ದೊಡ್ಡವರು ಬರುವ ದಿನ ಹೀಗೆ ಹೋದ್ರೆ ಸೊಸೆಗೆ ಮರ್ಯಾದೆ ಉಂಟಾ?"

ಅವಳು ಹಸಿರು ಕಂಚಿ ಉಟ್ಟಿದ್ದಳು. ಕೆಳಗೆ ನಿಂತಿದ್ದ, ರೊಟ್ಟಿ ಬಡಿದು ಬಡಿದು ಭುಜ ಬಿಗಿದುಕೊಂಡಿದ್ದ, ಮಂಡಳಿಯ ಗದಗದ ಹಿರಿಯಾಕೆ ಇಳಕಲ್ ಸೀರೆಯಲ್ಲಿ, ಮುಡಿ ತುಂಬ ಮಲ್ಲಿಗೆ. ಉಳಿದವರದೂ ಹಾಗೆಯೇ. ಅತಿಥಿಗಳು ಬರುವಲ್ಲಿಗೆ ನಾನೊಬ್ಬಳೇ ಹಳೆ ಸೀರೆಯಲ್ಲಿ ಹೋಗುವುದೇ? ಒಳಗೆ ಹೋಗಿ ಮಗನ ಮದುವೆಯ ರೇಷ್ಮೆ ಉಟ್ಟು ಬಂದೆ.

ಕಾಲೇಜಿನ ಬಾಗಿಲಲ್ಲಿ ನಮ್ಮನ್ನು ಕಂಡ ಸೊಸೆಯ ಮುಖ ನಾನು ಮರೆಯುವುದಿಲ್ಲ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ತಪಾಸಣೆಗೆ ಬಂದ ಇಬ್ಬರೂ ಒಳಗೆ ಬಂದೇಬಿಟ್ಟರು, ಒಬ್ಬರು ವಯಸ್ಸಾದ ಗಂಡಸು, ಇನ್ನೊಬ್ಬರು ಕನ್ನಡಕದ ಹೆಂಗಸು. ಗಂಡಸು ಕೋಣೆ ಅಳೆಯಲು ಹೋದರು. ಹೆಂಗಸು ನಮ್ಮ ಸಾಲನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದರು.

"ಆಜಿ, ಆಜ್ ಕುಠೇ ಲಗ್ನ ಆಹೆ?" ಎಂದು ನನ್ನನ್ನು ಕೇಳಿದರು. ಅಜ್ಜಿ, ಇವತ್ತು ಎಲ್ಲಿ ಮದುವೆ ಅಂತ. ಮುಖದಲ್ಲಿ ನಗು ಇರಲಿಲ್ಲ.

ಆಗ ನನಗೆ ಹೊಳೆಯಿತು. ಟೆಂಪೊದಲ್ಲಿ ತುಂಬಿ ತಂದ ಸುಳ್ಳು ಪೇಷೆಂಟುಗಳನ್ನು ಸೊಸೆ ಬೇಡವೆಂದಿದ್ದಳು. ನಿಜವಾದ ಪೇಷೆಂಟುಗಳಾದ ನಾವು ಸುಳ್ಳಿನ ವೇಷ ಹಾಕಿ ಬಂದಿದ್ದೆವು.

"ಇಲ್ಲಿ ನಿಮ್ಮ ಗುರುತಿನವರು ಯಾರಾದರೂ ಇದ್ದಾರಾ?" ಎಂದು ಮರಾಠಿಯಲ್ಲೇ ಮುಂದಿನ ಪ್ರಶ್ನೆ.

ಸುಳ್ಳು ಹೇಳಲು ಬಾಯಿ ಬರುವುದಿಲ್ಲ. ಡೊಂಬಿವಲಿಯ ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತ ಮರಾಠಿಯಲ್ಲಿ, "ಇದ್ದಾಳೆ, ಆ ಮೇಡಂ ನನ್ನ ಸೊಸೆ" ಎಂದೆ. ಪಕ್ಕದಲ್ಲಿ ಮೇಲಿನ ಮಹಡಿಯಾಕೆ "ಮುಗೀತು" ಎಂದು ತುಳುವಿನಲ್ಲಿ ಗೊಣಗಿದಳು.

ಆ ಹೆಂಗಸು ಸೊಸೆಯನ್ನೂ ವಿದ್ಯಾರ್ಥಿನಿಯರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಒಬ್ಬೊಬ್ಬರೇ ತೋರಿಸಿ, ಇಲ್ಲಿ ಏನು ಕಲಿತಿರಿ ಎಂದರು. ಗದಗದ ಹಿರಿಯಾಕೆ ಗೋಡೆಯ ಹತ್ತಿರ ಹೋಗಿ ಬೆರಳುಗಳನ್ನು ಇರುವೆಯ ಹಾಗೆ ಮೇಲೆ ಮೇಲೆ ಹತ್ತಿಸಿ, ತಡೆದಲ್ಲಿ ನಿಲ್ಲಿಸಿ, "ಇಲ್ಲಿಗೆ ಬಂತ್ರಿ. ದೀಪಾವಳಿಗೆ ಇಲ್ಲಿತ್ತು" ಎಂದು ಸೊಂಟದ ಎತ್ತರ ತೋರಿಸಿದರು. ಭಾಷೆ ತಿಳಿಯದಿದ್ದರೂ ಆ ಹೆಂಗಸಿಗೆ ಅರ್ಥವಾಯಿತು.

ನನ್ನ ಸರದಿ. ಸ್ಟೂಲು ಎಳೆದು ಅಲ್ಲಾಡುತ್ತದೆಯೇ ಎಂದು ನೋಡಿದೆ. ರೇಷ್ಮೆಯ ನೆರಿಗೆ ಎತ್ತಿ ಸಿಕ್ಕಿಸಿ, ಎಡಗಾಲು ಮುಂದಿಟ್ಟು ಇಳಿದೆ. ಇಳಿದ ಮೇಲೆ ಅಭ್ಯಾಸ ಬಿಡಬೇಕಲ್ಲ, ಹಣೆ ನೆಲಕ್ಕೆ ತಾಗಿಸಿಯೇಬಿಟ್ಟೆ.

ಏಳುವಾಗ ಅವರು ಹತ್ತಿರ ಬಂದು ಕೈ ಹಿಡಿದರು. "ಈಗ ಬಲಗಾಲು ಮುಂದಿಡಿ ಆಜಿ."

"ಇಲ್ಲ ಮೇಡಂ," ಎಂದೆ, "ಅದು ನೋವಿನ ಕಾಲು. ಅದು ಹಿಂದೆಯೇ ಇರಬೇಕು. ನೀವು ಕೈ ಬಿಡಿ, ಸ್ಟೂಲು ಸಾಕು." ಎದ್ದು ನಿಂತ ಮೇಲೆ ಓದಿದವರಿಗೆ ಹೀಗೆ ಹೇಳಬಾರದಿತ್ತೇನೋ ಎಂದು ಹೆದರಿಕೆಯಾಯಿತು.

ಅವರು ಬಾಗಿಲು ತೆಗೆಸಿ ಒಬ್ಬ ವಿದ್ಯಾರ್ಥಿನಿಯನ್ನು ಕರೆದರು. "ಇಂಥ ಮೊಣಕಾಲಿಗೆ ನೆಲದಲ್ಲಿ ಕೂರಬೇಡಿ ಅನ್ನುತ್ತೇವೆ. ನೀವು ಕೂರುವುದನ್ನು ಕಲಿಸಿದ್ದೀರಿ. ಯಾಕೆ?"

ಆ ಹುಡುಗಿ ದುಪಟ್ಟಾದ ತುದಿ ತಿರುವುತ್ತಾ, "ಮ್ಯಾಡಂ, ಬೇಡ ಅಂದಾಗ ಇವರು ಕೂರುವುದನ್ನು ಬಿಡಲಿಲ್ಲ, ಇಲ್ಲಿಗೆ ಬರುವುದನ್ನು ಬಿಟ್ಟರು" ಎಂದಳು.

ಅವರು ಆಗಲೂ ನಗಲಿಲ್ಲ. ಏನೋ ಬರೆದುಕೊಂಡರು, ಬಹಳ ಹೊತ್ತು ಬರೆದರು.

ವಾಪಸು ಬರುವಾಗ ಸೊಸೆಯೂ ನಾನೂ ಒಂದೇ ರಿಕ್ಷಾದಲ್ಲಿ ಕೂತೆವು. ಹೈವೇ ದಾಟಿದ ಮೇಲೆ, "ಕಾಟನ್ ಸೀರಿ ಇರಲಿಲ್ಲೇನ್ರಿ ಅತ್ತಿ?" ಅಂದಳು. ನಾನು ಸೆರಗಿನ ಜರಿಯನ್ನು ಮಡಚಿ ಒಳಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಗಾಬರಿಯಿಂದ ತಿರುಗಿದರೆ ನಗುತ್ತಿದ್ದಳು.

ಉತ್ತರ ಬರಲು ಎಷ್ಟೋ ವಾರ ಹಿಡಿಯಿತು. ಬಂದಾಗ ನಾನು ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಸೊಸೆ ಫೋನು ಹಿಡಿದುಕೊಂಡೇ ಅಡಿಗೆಮನೆಯಿಂದ ಬಂದಳು. ಮಾನ್ಯತೆ ಸಿಕ್ಕಿತ್ತು. ಲೈಬ್ರರಿಗೆ ಇನ್ನಷ್ಟು ಪುಸ್ತಕ ಬೇಕು, ಒಬ್ಬರು ಮಾಸ್ತರರು ಕಡಿಮೆ ಇದ್ದಾರೆ, ಅದನ್ನು ಸರಿಪಡಿಸಬೇಕು ಎಂದಿತ್ತಂತೆ. ರೇಷ್ಮೆ ಸೀರೆಯ ಮಾತು ಎಲ್ಲೂ ಇರಲಿಲ್ಲವಂತೆ. ನಾನು ಎರಡು ಸಲ ಕೇಳಿದೆ.

ದೀಪ ಹಚ್ಚಿ, ಸ್ಟೂಲು ಎಳೆದುಕೊಂಡು, ಕಂಬಳಿ ಹಾಸಿದೆ. ಹರ್ಷದಲ್ಲಿ ಆತುರ ಬಂದಿರಬೇಕು. ಹಿಂದಿನಿಂದ ಅವಳ ದನಿ ಕೇಳಿಸಿತು, ಕಾಲೇಜಿನಲ್ಲಿ ಮಕ್ಕಳಿಗೆ ಹೇಳುವ ದನಿ.

"ಅತ್ತಿ, ಯಾವ ಕಾಲು ಮುಂದ?"

ನೋಡಿದೆ. ಬಲಗಾಲಿಟ್ಟಿದ್ದೆ. ಹಿಂದಕ್ಕೆ ತೆಗೆದು ಎಡಗಾಲಿಟ್ಟು, ಮೆಲ್ಲಗೆ ಇಳಿದೆ.