ನಿಂತವರಿಗೆ ಇನ್ನೊಂದು ವರ್ಷ

ಮೇ ತಿಂಗಳ ಆ ಒಂದು ಬೆಳಿಗ್ಗೆಗೆ ಥಾರ್ನ್‌ಬೆಕ್ ಫುಟ್‌ಬಾಲ್ ತಂಡದವರೆಲ್ಲ ಹೆದರುತ್ತಿದ್ದರು. ಲೀಗಿನ ಕೊನೆಯ ಪಂದ್ಯ ಮುಗಿದ ಮೇಲೆ ಮ್ಯಾನೇಜರ್ ಹಾಲ್ರಾಯ್ಡ್ ಆಟಗಾರರನ್ನು ಒಬ್ಬೊಬ್ಬರಾಗಿ ತನ್ನ ಕೋಣೆಗೆ ಕರೆಯುತ್ತಿದ್ದ. ಉಳಿಸಿಕೊಳ್ಳುವವನಿಗೆ ನಿಂತಲ್ಲೇ ವಿಷಯ ಹೇಳಿ, ಕೈಕುಲುಕಿ ಕಳಿಸುತ್ತಿದ್ದ. ತಂಡದಿಂದ ಬಿಡುವವನಿಗೆ ಮಾತ್ರ "ಕೂತ್ಕೋ" ಅನ್ನುತ್ತಿದ್ದ. ತನ್ನ ಈ ಅಭ್ಯಾಸದ ಅರಿವು ಅವನಿಗಿರಲಿಲ್ಲ, ಆಟಗಾರರಿಗೆಲ್ಲ ಇತ್ತು.

ನಾರಿಸ್ ಗಾರ್ಸೈಡ್ ಬೆಂಚಿನ ತುದಿಯಲ್ಲಿ ಕಾಯುತ್ತಿದ್ದ. ತಂಡದ ಎಡಬದಿ ಕಾಯುವ ಆಟಗಾರ. ವಯಸ್ಸು ಮೂವತ್ತು ದಾಟಿ ಕೆಲವು ವರ್ಷವಾಗಿತ್ತು. ಮೀಸೆ ಮೂಡುವ ಮೊದಲೇ ಮನೆ ಬಿಟ್ಟವನು, ಲೀಗಿನ ಕೆಳದರ್ಜೆಯಾದ ನಾಲ್ಕನೇ ಡಿವಿಜನ್ನಿನಲ್ಲಿ ಊರಿಂದ ಊರಿಗೆ ಸಾಗಿ ಬಂದಿದ್ದ. ಪ್ರತಿ ಊರಲ್ಲೂ ಒಂದು ಬಾಡಿಗೆ ಕೋಣೆ, ಕಿಟಕಿಯಾಚೆ ಬೇರೆಯವರ ಬಟ್ಟೆ ಒಣಗುವ ಹಿತ್ತಲು, ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕಳೆಯುವ ಭಾನುವಾರ. ಶನಿವಾರದ ಪಂದ್ಯದಲ್ಲಿ ಅವನ ಹೆಸರು ಹಿಡಿದು ಬಯ್ಯುತ್ತಿದ್ದ ಜನರಲ್ಲಿ ಒಬ್ಬರೂ ಸೋಮವಾರ ಬೀದಿಯಲ್ಲಿ ಅವನ ಗುರುತು ಹಿಡಿಯುತ್ತಿರಲಿಲ್ಲ. ಎರಡು ಊರಲ್ಲಿ ಮದುವೆಯ ಮಾತು ಬಂದಿತ್ತು. ಅವನು ತಂಡ ಬದಲಿಸಿದಾಗ ಆ ಮಾತು ಅಲ್ಲಲ್ಲೇ ನಿಂತಿತು.

ಥಾರ್ನ್‌ಬೆಕ್‌ನಲ್ಲಿ ಕೋಣೆ ಕೊಟ್ಟವಳು ಮಿಸೆಸ್ ಆಲರ್ಟನ್ ಎಂಬ ವಿಧವೆ. ಪರ ಊರಿನ ಪಂದ್ಯವಿದ್ದ ದಿನ ಅವನು ಬರುವ ತನಕ ಊಟದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಓವನ್ನಿನೊಳಗೆ ಬಿಸಿಯಾಗಿಡುತ್ತಿದ್ದಳು. ತಾಯಿ ಹೋದ ಮೇಲೆ ಯಾರೂ ಅವನಿಗೆ ಹಾಗೆ ಇಟ್ಟಿರಲಿಲ್ಲ. ಹೋದ ವಾರ ಅವಳು ಕೇಳಿದ್ದಳು: "ನಿನ್ನ ಕೋಣೆ ಗೋಡೆಗೆ ಅಂಟಿಸಿರೋ ಹೂವಿನ ಕಾಗದ ಹಳೇದಾಯ್ತು ಕಣಪ್ಪ. ಮುಂದಿನ ವರ್ಷವೂ ಇರ್ತೀಯ ತಾನೆ? ಹೊಸದು ತರ್ಲಾ?"

"ತನ್ನಿ," ಅಂದುಬಿಟ್ಟಿದ್ದ. ಅದಕ್ಕೇ ಅವನಿಗೆ ಇನ್ನೊಂದು ವರ್ಷ ಬೇಕಿತ್ತು.

"ಲೋ ತಾತ," ಆಗಷ್ಟೇ ಹೊರಬಂದ ಡೆರಿಕ್ ಮೊಣಕೈಯಿಂದ ತಿವಿದ. ತಂಡದಲ್ಲಿ ಅವನಷ್ಟು ಬಾಯಿಬಡುಕ ಬೇರೆ ಇರಲಿಲ್ಲ. "ಏನೇ ಆದ್ರೂ ಕೂರ್ಬೇಡ. ಮೂಲವ್ಯಾಧಿ ಅಂತ ಹೇಳು."

"ನಿಂಗೇನಂದ?"

"ನಿಂತೇ ಇದ್ದೆ. ಕೈ ಕುಲುಕಿದ." ಡೆರಿಕ್ ನಗು ಅಡಗಿಸಲು ನೋಡಿದ; ಆಗಲಿಲ್ಲ.

ಒಳಗಿಂದ ಕರೆ ಬಂತು. ಹಾಲ್ರಾಯ್ಡ್ ಮೇಜಿನಿಂದ ತಲೆ ಎತ್ತದೆ ಅಂದ, "ಬಾ ನಾರಿಸ್. ಕೂತ್ಕೋ."

"ಪರವಾಗಿಲ್ಲ ಬಾಸ್, ನಿಂತಿರ್ತೀನಿ."

"ಕೂತ್ಕೊಳಯ್ಯಾ."

"ಬೆನ್ನು ಹಿಡ್ಕೊಂಡಿದೆ ಬಾಸ್." ಬಾಯಿಂದ ಮಾತು ಜಾರಿದ ಮೇಲೆ ನಾರಿಸ್‌ಗೆ ತನ್ನ ಪೆದ್ದತನ ತಿಳಿಯಿತು.

"ಬೆನ್ನೂ ಹೋಯ್ತಾ?" ಹಾಲ್ರಾಯ್ಡ್ ಕನ್ನಡಕ ತೆಗೆದ. "ಕೆಟ್ಟಿರೋದು ಮೊಣಕಾಲು ಒಂದೇ ಅಂದ್ಕೊಂಡಿದ್ದೆ."

ನಾರಿಸ್ ಕುರ್ಚಿಯ ಹತ್ತಿರವೂ ಹೋಗಲಿಲ್ಲ. ಕೊನೆಗೆ ಹಾಲ್ರಾಯ್ಡನೇ ಎದ್ದು ನಿಂತ. "ನಿನ್ನ ಜಾಗಕ್ಕೆ ಬೇರೆಯವನನ್ನ ತಗೊಂಡಿದ್ದೀನಿ. ನೀನು ಯಾವತ್ತೂ ಪೆಟ್ಟಿಗೆ ಹೆದರಿ ತಪ್ಪಿಸಿಕೊಂಡು ಆಡಿದೋನಲ್ಲ, ನಾರಿಸ್." ಕೈ ಚಾಚಿದ. ನಾರಿಸ್ ಕುಲುಕಿದ.

ಬಾಗಿಲ ಗಾಜಿನಾಚೆ ಡೆರಿಕ್ ಅದನ್ನು ನೋಡಿದ. "ತಾತ ನಿಂತ! ಕೈ ಕುಲುಕಿದ್ರು ಕಣ್ರೋ!" ಎಂದು ಕೂಗಿದ. ಹೊರಬಂದವನ ಬೆನ್ನು ತಟ್ಟುವವರೇ ಎಲ್ಲ. ನಾರಿಸ್ ನಕ್ಕ. ನಿಜ ಹೇಳಲು ಯಾರ ಮುಖವನ್ನು ಆರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ. ಬೂಟುಗಳನ್ನು ಕಪ್ಪು ಕಸದ ಚೀಲಕ್ಕೆ ಹಾಕಿಕೊಂಡು, ಬಸ್ಸು ಹತ್ತದೆ, ಕಾಲುವೆ ದಾರಿಯಲ್ಲಿ ನಡೆದೇ ಮನೆಗೆ ಹೋದ.

ಮೆಟ್ಟಿಲ ಬುಡದಲ್ಲಿ ಗೋಡೆ ಕಾಗದದ ಸುರುಳಿಗಳು ಒರಗಿದ್ದವು. ಸಣ್ಣ ನೀಲಿ ಹೂವಿನವು. ಮಾಂಸ, ಆಲೂಗೆಡ್ಡೆ ತುಂಬಿದ ಪೈ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಅವನು ಬಾಗಿಲಲ್ಲೇ ಚೀಲ ಹಿಡಿದು ನಿಂತ.

"ಏನಪ್ಪಾ, ನಿಂತೇ ತಿಂತೀಯಾ? ಕೂತ್ಕೋ."

ಅವನು ಕೂತ. ಮಿಸೆಸ್ ಆಲರ್ಟನ್ ಎಂದಿನಂತೆ ಕೈಜೋಡಿಸಿ, ಕಣ್ಣು ಮುಚ್ಚಿ, ಅನ್ನ ಕೊಟ್ಟ ದೇವರನ್ನು ನೆನೆಯತೊಡಗಿದಳು. ಅವಳು ತನ್ನನ್ನು ನೋಡದ ಹೊತ್ತು ಅದೊಂದೇ ಎಂದು ಅವನಿಗೆ ಅನ್ನಿಸಿತು.

"ನನ್ನನ್ನ ಬಿಟ್ಬಿಟ್ರು," ಅಂದ.

ಅವಳ ತುಟಿ ನಿಂತಿತು. ಕಣ್ಣು ತೆರೆಯಲಿಲ್ಲ. ಪ್ರಾರ್ಥನೆ ಎಂದಿಗಿಂತ ಬಹಳ ಹೊತ್ತು ನಡೆಯಿತು. ಉಳಿದದ್ದೆಲ್ಲ ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಆಮೇಲೆ ಪೈ ಕತ್ತರಿಸಿ, ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿದಳು.

"ಕಾಗದ ವಾಪಸ್ ಕೊಡಬೇಡಿ," ನಾರಿಸ್ ತಟ್ಟೆ ನೋಡುತ್ತಾ ಹೇಳಿದ. "ಹೋಗೋ ಮುಂಚೆ ಅಂಟಿಸಿ ಹೋಗ್ತೀನಿ."