ಒಳಗೆ ಯಾರಿದ್ದಾರೆ?

ಈ ಮನೆ ಓನರಿಗೆ ಅನುಮಾನವೇ ಊಟ, ಅನುಮಾನವೇ ನಿದ್ದೆ. ಹಾಲು ಒಡೆದರೆ ಹಾಲಿನವನ ಮೇಲೆ ಗುಮಾನಿ, ಒಡೆಯದಿದ್ದರೆ ಹಾಲಿನ ಮೇಲೆ. ತಾವೇ ಹಾಕಿದ ಬೀಗವನ್ನು ಜಗ್ಗಿ ನೋಡಿ ಹೊರಟವರು ಬೀದಿ ತಿರುವಿನಿಂದ ವಾಪಸು ಬಂದು ಇನ್ನೊಮ್ಮೆ ಜಗ್ಗುತ್ತಾರೆ. ಮಹಡಿಗೆ ಬಾಡಿಗೆಗೆ ಬಂದ ನರ್ಸ್ ಹುಡುಗಿ ತಾನು ಒಬ್ಬಳೇ ಎಂದಿದ್ದಳು. ಆದರೆ ಇವರು ಬಾಗಿಲಿಗೆ ಕಿವಿಯಿಟ್ಟಾಗಲೆಲ್ಲ ಒಳಗಿಂದ ‘ಹಾಯ್, ಹಾಯ್’ ಎಂದು ಯಾರನ್ನೋ ಮಾತಾಡಿಸುವ ಸದ್ದು. ಕೆಲಸದಿಂದ ಬಂದು ಬಾಗಿಲು ತೆರೆದೊಡನೆ ‘ತದಾಯಿಮಾ’ ಎಂಬ ಕೂಗು ಬೇರೆ. ಒಂದು ಸಂಜೆ ಮೆಟ್ಟಿಲಲ್ಲೇ ಅಡ್ಡಹಾಕಿದರು. “ಒಳಗೆ ಯಾರಮ್ಮ ಇರೋದು?” “ಯಾರೂ ಇಲ್ಲ ಅಂಕಲ್. ಜಪಾನಿಗೆ ಕೆಲಸಕ್ಕೆ ಹೋಗೋಣ ಅಂತ ಅಲ್ಲಿನ ಭಾಷೆ ಕಲೀತಿದೀನಿ. ಹಾಯ್ ಅಂದ್ರೆ ಹೌದು ಅಂತ. ತದಾಯಿಮಾ ಅಂದ್ರೆ ‘ಬಂದೆ’ ಅಂತ, ಮನೇಲಿರೋರಿಗೆ ಹೇಳೋದು.” “ಯಾರೂ ಇಲ್ಲ ಅಂದ್ಯಲ್ಲ?” “ಇಲ್ಲ. ಇದ್ದಿದ್ರೆ ‘ಒಕಾಯೆರಿ’ ಅಂತಿದ್ರು. ‘ಬಂದ್ರಾ’ ಅಂದ ಹಾಗೆ.” ಇದರಲ್ಲಿ ಎಲ್ಲೋ ಮೋಸವಿದೆ ಎನ್ನಿಸಿ ಓನರು ಅವಳನ್ನು ದಿಟ್ಟಿಸಿಯೇ ಕೆಳಗಿಳಿದರು. ಹೆಂಡತಿ ತೀರಿಕೊಂಡ ಮೇಲೆ ಅವರನ್ನು ‘ಬಂದ್ರಾ’ ಎಂದು ಕೇಳಿದವರಿಲ್ಲ. ಮರುದಿನ ಪೇಟೆಯಿಂದ ಬಂದವರು ಬೀಗ ತೆಗೆಯುವ ಮುಂಚೆ ಮಹಡಿಯತ್ತ ಒಮ್ಮೆ ಕಳ್ಳನೋಟ ಹಾಯಿಸಿ, ಮೆಲ್ಲಗೆ “ತದಾಯಿಮಾ” ಎಂದರು. ಆಮೇಲೆ, ಕಂಡವರ ಬಾಗಿಲಿಗೆಲ್ಲ ಕಿವಿಯಿಟ್ಟವರು, ಮೊದಲ ಸಲ ತಮ್ಮದೇ ಬಾಗಿಲಿಗೆ ಕಿವಿಯಿಟ್ಟು ನಿಂತರು.