ಇಳಕಲ್ಲ ಸೀರೆಗೆ ಹೆಚ್ಚಾದ ನನ್ನ ಎತ್ತರ

ಗೋಕಾಕಕ್ಕೆ ಬಂದ ವಾರದಲ್ಲೇ ನಡೆದದ್ದಿದು. ಕೊಡ ಹಿಡಿದು ನೀರಿಗೆ ಹೊರಟಿದ್ದೆ. ನಡುಬೀದಿಯಲ್ಲಿ ಯಾರೋ ಹಿಂದಿನಿಂದ ಹಿಡಿದು ನಿಲ್ಲಿಸಿದರು. ತಿರುಗುವಷ್ಟರಲ್ಲಿ ಬೆನ್ನ ಮೇಲಿದ್ದ ನನ್ನ ಸೆರಗು ತಲೆಯ ಮೇಲೆ ಬಂದಿತ್ತು. ಗುರುತಿಲ್ಲದ ಮುದುಕಿಯೊಬ್ಬಳು ನನ್ನ ಗದ್ದ ಹಿಡಿದು, “ಹಾಂ, ಈಗ ಗರತಿ ಹಂಗ ಕಾಣಾಕತ್ತಿ ನೋಡವ್ವಾ,” ಎಂದು ಹೇಳಿ ತನ್ನ ದಾರಿ ಹಿಡಿದಳು.

ನಮ್ಮ ಚಿತ್ರದುರ್ಗದ ಕಡೆ ಪರರು ಸೆರಗು ಮುಟ್ಟಿದರೆ ಕೇರಿಯೇ ಸೇರುತ್ತದೆ. ಇಲ್ಲಿ ತಲೆಯ ಮೇಲೆ ಸೆರಗಿಲ್ಲದಿದ್ದರೆ ಕೇರಿ ಸೇರುತ್ತದೆ. ನಮ್ಮಲ್ಲಿ ಮುತ್ತೈದೆಯ ತಲೆಗೆ ಹೂವು ಸಾಕು. ಇಲ್ಲಿ ಹೂವಿನ ಮೇಲೆ ಸೆರಗೂ ಬೇಕು. ಆ ಮುದುಕಿ ನಮ್ಮ ಮನೆಯೊಡತಿ ಗಂಗವ್ವನವರ ಅತ್ತೆ ನೀಲವ್ವ, ನೆಂಟರ ಊರಿಂದ ಅಂದೇ ಮರಳಿದ್ದಳು ಎಂದು ಸಂಜೆಗೆ ತಿಳಿಯಿತು.

ಯಜಮಾನರಿಗೆ ಇಲ್ಲಿಯ ಹತ್ತಿ ವ್ಯಾಪಾರಿಯೊಬ್ಬರ ಬಳಿ ಕೆಲಸ ಸಿಕ್ಕಿತ್ತು. ಗಂಗವ್ವನವರ ಹಿತ್ತಿಲ ಕಡೆಯ ಎರಡು ಕೋಣೆಗಳೇ ನಮ್ಮ ಬಿಡಾರ. ನಮ್ಮೂರಿನ ಹೆಂಚಿನ ಮನೆಯಲ್ಲಿ ಮಳೆ ಬಂದರೆ ಸದ್ದಾಗುತ್ತದೆ. ಇಲ್ಲಿಯ ಮಣ್ಣಿನ ಮಾಳಿಗೆಯ ಕೆಳಗೆ ಮಳೆ ಬಂದದ್ದೂ ಗೊತ್ತಾಗುವುದಿಲ್ಲ. ಮುದ್ದೆ ಕಟ್ಟಿದ ಕೈಗೆ ಜೋಳದ ರೊಟ್ಟಿ ಬಡಿಯಲು ಬರಲಿಲ್ಲ. ಹರಿದ ರೊಟ್ಟಿಯಿಂದಲೂ ಹೊಟ್ಟೆ ತುಂಬುತ್ತದೆ ಎಂದು ಯಜಮಾನರು ನಕ್ಕರು, ಅದೊಂದು ಪುಣ್ಯ. ಹೊಳೆಯ ನೀರು ಸಿಹಿ, ಅದೊಂದು ಪುಣ್ಯ. ಇಲ್ಲಿಯವರೂ ಶರಣರ ಒಕ್ಕಲು. ಬೆಳಗ್ಗೆ ಲಿಂಗಪೂಜೆಗೆ ಕುಳಿತಾಗ ಮಾತ್ರ ನನಗೆ ಪರವೂರೆನ್ನಿಸುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಪರವೂರೇ. ಗಿರಿಜಮ್ಮನಾಗಿದ್ದವಳು ಇಲ್ಲಿ ಗಿರಿಜವ್ವನಾದೆ. ಯಾರೋ ಬೇರೊಬ್ಬಳನ್ನು ಕರೆಯುತ್ತಿದ್ದಾರೆಂದು ಎಷ್ಟೋ ದಿನ ಓಗೊಡಲೂ ಮರೆಯುತ್ತಿದ್ದೆ.

ಹೀಗಿರುವಾಗ ಗಂಗವ್ವನವರ ಸೊಸೆ ಶಾಂತವ್ವನಿಗೆ ಕುಬಸದ ಕಾರ್ಯ ನಿಶ್ಚಯವಾಯಿತು. ಕುಬಸವೆಂದರೆ ಈ ಕಡೆ ರವಿಕೆ. ಚೊಚ್ಚಲ ಬಸುರಿಗೆ ಹಸಿರು ಸೀರೆ, ಕುಬಸ ತೊಡಿಸಿ ಐವರು ಮುತ್ತೈದೆಯರು ಉಡಿ ತುಂಬುವ ಶಾಸ್ತ್ರಕ್ಕೂ ಅದೇ ಹೆಸರು. ನಮ್ಮ ಮಡಿಲೇ ಇಲ್ಲಿಯವರ ಉಡಿ.

“ತಂಗೀ, ಐದ ಮಂದ್ಯಾಗ ನೀನೂ ಒಬ್ಬಾಕಿ ನೋಡ,” ಎಂದರು ಗಂಗವ್ವ. “ಇಲ್ಲ ಅನಬ್ಯಾಡ.”

ಕಟ್ಟೆಯ ಮೇಲೆ ಕುಳಿತಿದ್ದ ನೀಲವ್ವ ಧ್ವನಿ ಇಳಿಸುವ ಗೋಜಿಗೇ ಹೋಗಲಿಲ್ಲ. “ಆರ ವರ್ಸಾತಂತ ಲಗ್ನ ಆಗಿ. ತನ್ನ ಉಡ್ಯಾಗ ಕೂಸಿಲ್ಲ, ಮಂದಿ ಉಡಿ ತುಂಬತಾಳೇನ ಅಕಿ? ಒಂದ ಸೀರಿ ನೆಟ್ಟಗ ಉಡಾಕರ ಬರತೈತೇನ?”

“ಬರಲಿಲ್ಲಂದ್ರ ಕಲೀತಾಳ ಬಿಡ್ರಿ, ಅತ್ತಿ.”

ನಾನು ಒಳಗೆ ಬಂದು ಒಲೆಯ ಮುಂದೆ ಕುಳಿತೆ. ಹೊಗೆಯ ನೆಪವೊಂದಿತ್ತು, ಕಣ್ಣು ಒರೆಸಿಕೊಂಡೆ. ಮಕ್ಕಳ ಮಾತು ಶಿವನಿಗೆ ಬಿಟ್ಟದ್ದು, ಅದರಲ್ಲಿ ನನ್ನದೇನೂ ನಡೆಯದು. ಸೀರೆಯ ಮಾತು ಹಾಗಲ್ಲ. ಅದರಲ್ಲಿ ನೀಲವ್ವನಿಗೆ ಬೆರಳು ತೋರಿಸಲು ಎಳ್ಳಷ್ಟೂ ಎಡೆ ಕೊಡಬಾರದು, ನೆಟ್ಟಗೆ ಉಟ್ಟು, ಚೆನ್ನಾಗಿ ಕಂಡು, ಆ ಐವರಲ್ಲಿ ಒಬ್ಬಳಾಗಿ ನಿಂತೇ ತೀರಬೇಕು ಎಂದುಕೊಂಡೆ.

ಮದುವೆಯ ಮೊಳಕಾಲ್ಮೂರು ರೇಷ್ಮೆಯನ್ನು ಮೊದಲು ತೆಗೆದೆ. ಇಲ್ಲಿ ಸೆರಗು ತಲೆಯ ಮೇಲಿಂದ ಬಲಭುಜಕ್ಕೆ ಇಳಿದು ಮುಂದೆ ಬರಬೇಕು. ನನ್ನದು ತಲೆಯವರೆಗೆ ಬಂದು ಅಲ್ಲೇ ನಿಂತಿತು. ಎಳೆದರೆ ನೆರಿಗೆ ಬಿಚ್ಚುತ್ತದೆ, ನೆರಿಗೆ ಉಳಿಸಿದರೆ ತಲೆ ಬಯಲಾಗುತ್ತದೆ. ಸರಿ, ಗಂಗವ್ವನವರ ಇಳಕಲ್ಲ ಸೀರೆ ಉಟ್ಟು ನೋಡಿದೆ. ಉದ್ದ ಬೇಕಾದಷ್ಟಿತ್ತು. ಆದರೆ ನಾನು ನಮ್ಮಪ್ಪನ ಹಾಗೆ ನೀಳ ಆಳು. ಸೀರೆಯ ಅಗಲ ಸಾಲದೆ ಕಣಕಾಲು ಕಾಣತೊಡಗಿತು. ಶಾಂತವ್ವ ಬಾಯಿಗೆ ಸೆರಗು ಒತ್ತಿಕೊಂಡು, “ಅಕ್ಕಾ, ಹೊಳಿ ದಾಟಾಕ ಹೊಂಟಂಗ ಆಗೈತ್ರಿ!” ಎಂದಳು. ಪಾಪ, ಬಸುರಿ ಹುಡುಗಿ, ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ.

ಅಗಲದ ಸೀರೆಗಾಗಿ ಗೋಕಾಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಯುದ್ಧದ ಕಾಲ, ಬಟ್ಟೆಗೆ ಬರ. ಮೂಡಲಗಿಗೆ ಹೋಗುವ ಚಕ್ಕಡಿಯಲ್ಲಿ ಗಂಗವ್ವನವರೊಡನೆ ಹೋದೆ. ಇರಲಿಲ್ಲ. ಹುಕ್ಕೇರಿಯ ಸಂತೆಗೆ ಯಜಮಾನರನ್ನು ಕಾಡಿ ಕರೆದುಕೊಂಡು ಮೋಟಾರಿನಲ್ಲಿ ಹೋದೆ. ಅಲ್ಲಿಯ ಅಂಗಡಿಯ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ ತಕ್ಕಡಿಗೆ ಹಾಕುವವರಂತೆ ತಲೆದೂಗಿದರು. “ಅಕ್ಕಾರ, ಮಗ್ಗ ಎಷ್ಟ ಅಗಲ ಐತಿ ಸೀರಿ ಅಷ್ಟ ಅಗಲ. ಉದ್ದಂದ್ರ ಎಷ್ಟರ ನೇಯಬಹುದು. ನಿಮ್ಮನ್ನ ಗಿಡ್ಡ ಮಾಡಾಕ ಬರಂಗಿಲ್ಲರಿ!”

ಯಜಮಾನರು, “ಮನೆಗೆ ಹೋಗೋಣ, ಉಡಿ ತುಂಬಲು ಬರೋದಿಲ್ಲವೆಂದು ಗಂಗವ್ವನವರಿಗೆ ಹೇಳಿಬಿಡು,” ಎಂದರು.

“ಹೇಳೋದಿಲ್ಲ ಅಂದ್ರೆ ಹೇಳೋದಿಲ್ಲ,” ಎಂದೆ. ಅಂಗಡಿಯಲ್ಲಿದ್ದುದರಲ್ಲಿ ಕಪ್ಪು ಮೈಯ, ಕೆಂಪು ದಡಿಯ ಇಳಕಲ್ಲವನ್ನೂ ಗುಳೇದಗುಡ್ಡದ ಒಂದು ಕೆಂಪು ಖಣವನ್ನೂ ಕಟ್ಟಿಸಿಕೊಂಡೇ ಬಂದೆ. ಖಣವೆಂದರೆ ಒಂದು ಕುಬಸಕ್ಕಾಗುವಷ್ಟು ನೇಯ್ದ, ಅಂಚುಳ್ಳ ಬಟ್ಟೆಯ ತುಂಡು.

ಆ ಖಣದಲ್ಲೇ ನಾನು ಎಡವಿದ್ದು. ತವರಿನಲ್ಲಿ ನನ್ನ ಹೊಲಿಗೆಗೆ ಹೆಸರಿತ್ತು. ಯಾರನ್ನೂ ಕೇಳದೆ, ನಮ್ಮ ರವಿಕೆಯ ಅಳತೆ ಇಟ್ಟು ಕತ್ತರಿ ಆಡಿಸಿ, ಹೊಲಿದು, ಹೆಮ್ಮೆಯಿಂದ ತೊಟ್ಟು ಗಂಗವ್ವನವರ ಮುಂದೆ ನಿಂತೆ. ಅವರು ನನ್ನನ್ನು ಒಂದು ಸುತ್ತು ತಿರುಗಿಸಿದರು.

“ಅಲ್ಲ ತಂಗಿ, ಖಣದ ದಡಿ ಎಲ್ಲಿ ಹೋತ?”

ತೋಳೆತ್ತಿ ತೋರಿಸಿದೆ. ಖಣದ ಚೆಲುವೆಲ್ಲ ಅದರ ಅಂಚಿನಲ್ಲಿ. ಅದು ತೋಳಿನ ತುದಿಗೆ ಬಳೆಯ ಹಾಗೆ ಸುತ್ತಬೇಕು. ನನ್ನದು ಎರಡೂ ಕಂಕುಳಲ್ಲಿ ಹೋಗಿ ಕುಳಿತಿತ್ತು.

“ಯವ್ವಾ! ದಡಿ ಕಾಣಸಾಕ ದಿನವಿಡೀ ಕೈ ಎತ್ತಿಕೊಂಡ ನಿಂದರತೀ ಏನ?” ಎಂದು ಗಂಗವ್ವ ನಗುತ್ತ ನೆಲಕ್ಕೆ ಕುಳಿತೇಬಿಟ್ಟರು. ನನಗೆ ಅಂದು ನಗು ಬರಲಿಲ್ಲ. ಕಾರ್ಯಕ್ಕೆ ಇನ್ನು ಹೆಚ್ಚು ದಿನವಿರಲಿಲ್ಲ.

ಮರುದಿನ ಪೂಜೆ ಮುಗಿಸಿ ಮತ್ತೆ ಸೀರೆ ಉಟ್ಟೆ. ಸೊಂಟಕ್ಕಿಂತ ಕೆಳಗೆ ಇಳಿಸಿ ಕಟ್ಟಿದರೆ ಕಣಕಾಲು ಮುಚ್ಚುತ್ತದೆ. ಆದರೆ ಇಲ್ಲಿಯ ಕುಬಸ ಗಿಡ್ಡ, ಎದೆಯ ಕೆಳಗೆ ಗಂಟು ಹಾಕುವಂಥದು, ನಡು ಬಯಲಾಗುತ್ತದೆ. ನಮ್ಮ ರವಿಕೆಯೋ ಸೊಂಟದವರೆಗೆ ಬರುತ್ತದೆ. ಅಂದರೆ ಉದ್ದ ನಮ್ಮದಿರಬೇಕು, ತೋಳು ಇವರದಿರಬೇಕು. ಶುಭಕಾರ್ಯಗಳಲ್ಲಿ ಉಡುಗೊರೆ ಬಂದ ಖಣಗಳು ಇಲ್ಲಿ ಮನೆಮನೆಯ ಪೆಟ್ಟಿಗೆಯಲ್ಲೂ ಇರುತ್ತವೆ. ಗಂಗವ್ವ ತಮ್ಮ ಪೆಟ್ಟಿಗೆ ತೆರೆದು, ನನ್ನ ಖಣದ ಕೆಂಪನ್ನೇ ಹೋಲುವ ಇನ್ನೊಂದನ್ನು ಹುಡುಕಿ ಕೊಟ್ಟರು. ಈ ಸಲ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಡಿ ತೋಳಿಗೆ ಬರುವಂತೆ ಕತ್ತರಿಸಿದೆ. ಕೆಟ್ಟುಹೋದ ಖಣವನ್ನು ಬಿಚ್ಚಿ ಕೆಳಗೆ ಕೂಡಿಸಿ ಉದ್ದ ಮಾಡಿದೆ. ಕೂಡಿಸಿದ ಗೆರೆಯ ಮೇಲೆ ಹಳೆಯ ಅಂಚನ್ನೇ ಪಟ್ಟಿಯಾಗಿ ಹೊಲಿದೆ. ತೊಟ್ಟು ನೋಡಿದಾಗ ನನ್ನ ಎತ್ತರ ಮೊದಲ ಸಲ ನನಗೆ ಒಪ್ಪುವಂತೆ ಕಂಡಿತು. ಹೀಗೆ ಹೇಳಿಕೊಳ್ಳುವುದು ಸಣ್ಣತನವಾದರೆ ಶಿವ ಕ್ಷಮಿಸಲಿ.

ಕಾರ್ಯದ ದಿನ ಪಡಸಾಲೆ ತುಂಬ ಹೆಂಗಸರು. ನೀಲವ್ವ ಬಾಗಿಲಲ್ಲೇ ನನ್ನನ್ನು ತಡೆದು ಸೆರಗು ನೋಡಿದಳು, ದಡಿ ನೋಡಿದಳು, ಬಗ್ಗಿ ಕಾಲನ್ನೂ ನೋಡಿದಳು. ಕಡೆಗೆ ಕುಬಸದ ಪಟ್ಟಿಯ ಮೇಲೆ ಬೆರಳಾಡಿಸಿದಳು.

“ಇದು ಯಾವೂರ ಕುಬಸನವ್ವಾ? ನಮ್ಮದೂ ಅಲ್ಲ, ನಿಮ್ಮದೂ ಅಲ್ಲ.”

“ನಾನೇ ಹೊಲಿದದ್ದು, ನೀಲವ್ವಾರೆ. ತಪ್ಪಿದ್ದರೆ ಹೇಳಿ, ಬದಲಾಯಿಸಿ ಬರ್ತೀನಿ.”

ಆಕೆ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದಳು. ಒಳಗೆ ಹಾಡು ಶುರುವಾಗಿತ್ತು. “ಖರೆ ಹೇಳ್ಲೇನ? ಒಪ್ಪೇತಿ ನಿನಗ. ನಡಿ ಒಳಗ, ಹುಡುಗಿ ಕಾಯಾಕತ್ತಾಳ.”

ಶಾಂತವ್ವನ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುವಾಗ ನನ್ನ ಕೈಯಿಂದ ಒಂದು ಕಾಳೂ ಚೆಲ್ಲಲಿಲ್ಲ. ಆಮೇಲೆ ಐವರಿಗೂ ಮನೆಯ ಹಿರಿಯಳು ಉಡಿ ತುಂಬುವುದು ಇಲ್ಲಿಯ ಪದ್ಧತಿ. ನನ್ನ ಸರದಿ ಬಂದಾಗ ನೀಲವ್ವ ಬೊಗಸೆಯ ಮೇಲೆ ಬೊಗಸೆ ಹಾಕುತ್ತಲೇ ಹೋದಳು. “ಸಾಕ್ರೀ,” ಎಂದೆ, ಅವರ ಮಾತಿನಲ್ಲೇ. “ಸುಮ್ನಿರ. ಉದ್ದ ಹೆಣಮಗಳು, ಉಡಿನೂ ದೊಡ್ಡದು,” ಎಂದಳು.

ಉಡಿಯ ಅಕ್ಕಿಯನ್ನು ಮಂದಿಗೆ ಕೊಡಬಾರದು, ಅವರವರ ಸ್ವಂತ ಮನೆಯಲ್ಲೇ ಬೇಯಿಸಿ ಉಣ್ಣಬೇಕು ಎಂದು ಗಂಗವ್ವ ಹೇಳಿ ಕಳಿಸಿದರು. ಕೋಣೆಗೆ ಬಂದು ಅಕ್ಕಿಯನ್ನು ಮೊರಕ್ಕೆ ಸುರಿದೆ. ಸ್ವಂತ ಮನೆ ಯಾವುದು, ಇದೋ ದುರ್ಗದ್ದೋ ಎಂದು ಕೇಳಿಕೊಳ್ಳುತ್ತ ಅದನ್ನು ಎರಡು ಪಾಲು ಮಾಡಿದೆ. ಅರ್ಧವನ್ನು ಆ ಸಂಜೆ ಇಲ್ಲೇ ಅನ್ನಕ್ಕಿಟ್ಟೆ. ಇನ್ನರ್ಧವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ದುರ್ಗಕ್ಕೆ ಹೋಗುವಾಗ ಒಯ್ಯುವ ಟ್ರಂಕಿನಲ್ಲಿ ಇಟ್ಟಿದ್ದೇನೆ.